ಗುಡ್ಡದ ಬಂಗಲೆಯ ಅಡುಗೆಮನೆ

ಅಪ್ಪನ ವೈಕುಂಠ ಸಮಾರಾಧನೆಯ ದಿನ ಕೌಲಾಲಂಪುರದ ಪಕ್ಕದ ಪೆಟಾಲಿಂಗ್ ಜಯಾದ ನಮ್ಮ ಮನೆಯ ಹಾಲಿನಲ್ಲಿ ಎಲೆ ಹಾಕಲು ಜಾಗ ಸಾಲದಷ್ಟು ಜನ ಸೇರಿದ್ದರು. ಊಟವಾದ ಮೇಲೆ ಗೋಡೆಗೆ ಒರಗಿ ಕುಳಿತು, ಅಡಿಕೆ ಅಗಿಯುತ್ತ, ಒಬ್ಬೊಬ್ಬರಾಗಿ ಅಪ್ಪನ ಮಾತೆತ್ತಿದರು. ಬಿಳಿಯರು ಈ ದೇಶ ಬಿಟ್ಟು ಹೊರಟಾಗ ರೈಲ್ವೆಯ ದೊಡ್ಡ ಕುರ್ಚಿಗಳಲ್ಲಿ ಕುಳಿತ ಮೊದಲ ನಾಲ್ಕಾರು ಜನರಲ್ಲಿ ಇವರೂ ಒಬ್ಬರು ಎಂದರು. ಫ್ಲೂ ಬಂದು ಅರ್ಧ ಊರು ಹಾಸಿಗೆ ಹಿಡಿದಾಗ, ಮೈ ಸುಡುವ ಜ್ವರದಲ್ಲಿ ಮಂಚದ ಮೇಲಿಂದಲೇ ಟೆಲಿಫೋನಿನಲ್ಲಿ ರೈಲು ಓಡಿಸಿದ ಮನುಷ್ಯ ಎಂದರು. ಯಾರೋ ನನ್ನ ಕಡೆ ತಿರುಗಿ, ಮಗಳು ಎರಡು ಮಾತು ಹೇಳಲಿ ಎಂದರು. ನಾನು ಪಾಯಸದ ಪಾತ್ರೆ ಎತ್ತಿಕೊಂಡು ಒಳಗೆ ಹೋದೆ. ಅದಾಗಿ ಕೆಲವು ತಿಂಗಳಾದವು. ಅಪ್ಪನ ಬಿಳಿ ಷರ್ಟುಗಳನ್ನು ಬೀರುವಿನಿಂದ ತೆಗೆದು ಯಾರಿಗಾದರೂ ಕೊಡಬೇಕೆಂದು ಹೋಗುತ್ತೇನೆ, ಕಾಲರು ಮುಟ್ಟಿ ನೋಡಿ ಮತ್ತೆ ಅಲ್ಲೇ ಇಡುತ್ತೇನೆ. ಅವರ ಮೇಲಿನ ಪ್ರೀತಿ ನನ್ನಲ್ಲಿ ಒಂದಿಷ್ಟೂ ಕಡಿಮೆಯಾಗಿಲ್ಲ. ಆದರೂ ಆ ಮಂಚ ಮತ್ತು ಟೆಲಿಫೋನಿನ ಕಥೆ ಬಂದಾಗಲೆಲ್ಲ ನನಗೆ ತಲೆಯೆತ್ತಲು ಆಗುವುದಿಲ್ಲ. ಕಥೆ ಸುಳ್ಳಲ್ಲ. ಅದರೊಳಗೆ ಇರಬೇಕಾದ ಒಬ್ಬ ಹೆಂಗಸು ಇಲ್ಲ, ಅಷ್ಟೆ.

ಅವಳ ಹೆಸರು ಮುನಿಯಮ್ಮ. ನನಗೆ ಮುನಿಯಕ್ಕ. ನಾನು ಹುಟ್ಟಿದ್ದು ಕೌಲಾಲಂಪುರದ ಬ್ರಿಕ್‌ಫೀಲ್ಡ್ಸ್‌ನಲ್ಲಿ, ಹಳಿಗಳ ಪಕ್ಕದ ರೈಲ್ವೆ ಕ್ವಾರ್ಟರ್ಸ್‌ನಲ್ಲಿ. ಅಪ್ಪ ಆಗ ಟ್ರಾಫಿಕ್ ಆಫೀಸಿನಲ್ಲಿ ಗುಮಾಸ್ತರು. ಗುಮಾಸ್ತರ ಮನೆಗಳ ಹಿಂದುಗೋಡೆಗೆ ಅಂಟಿಕೊಂಡೇ ಕೂಲಿಯವರ ಲೈನ್ ಮನೆಗಳು, ನಡುವೆ ಒಂದು ಓಣಿ, ಓಣಿಯ ತುದಿಗೆ ಎಲ್ಲರಿಗೂ ಒಂದೇ ನಲ್ಲಿ. ಅಮ್ಮ ಮೈಸೂರಿನಿಂದ ಮದುವೆಯಾಗಿ ಬಂದವಳು. ಹಡಗು ಇಳಿದ ಮೇಲೆ ಗಂಡನ ಹೊರತು ಯಾರ ಬಾಯಿಂದಲೂ ಕನ್ನಡ ಕೇಳಿರಲಿಲ್ಲ. ಸುತ್ತ ತಮಿಳು, ಅಂಗಡಿಯಲ್ಲಿ ಮಲಯ, ಬೀದಿಯಲ್ಲಿ ಚೀನಿ. ಒಂದು ಬೆಳಿಗ್ಗೆ ನಲ್ಲಿಯ ಬಳಿ ಕೊಡ ಹಿಡಿದು ಒದ್ದಾಡುತ್ತಿದ್ದಾಗ ಹಿಂದಿನಿಂದ ಒಂದು ದನಿ ಕೇಳಿತಂತೆ:

“ಏನ್ಮಾ, ನೀರ್ ಹಿಡಿಯಾಕೂ ಗೊತ್ತಿಲ್ವಾ? ಕೊಡ ಓರೆ ಮಾಡ್ಮಾ, ಓರೆ!”

ಅಮ್ಮ ಕೊಡ ಬಿಟ್ಟು ಅಲ್ಲೇ ಕೂತು ಅತ್ತುಬಿಟ್ಟಳಂತೆ. ಬೈಗುಳ ಕೇಳಿ ಅತ್ತಿದ್ದಲ್ಲ, ಕನ್ನಡ ಕೇಳಿ. ಮುನಿಯಕ್ಕ ಹೊಸೂರಿನ ಕಡೆಯವಳು. ಅವಳ ಗಂಡ ಚಿನ್ನಪ್ಪ ಬೋಗಿ ತೊಳೆಯುವ ಗ್ಯಾಂಗಿನ ಮೇಸ್ತ್ರಿ. ಅವರಿಗೆ ಮಕ್ಕಳಿರಲಿಲ್ಲ. ಆದ್ದರಿಂದ ನಾನು ಅರ್ಧ ದಿನ ಅವರ ಮನೆಯಲ್ಲೇ ಇರುತ್ತಿದ್ದೆ. ತಲೆ ಬಾಚಿಸಿಕೊಳ್ಳುವುದು ಅಲ್ಲಿ, ಮಧ್ಯಾಹ್ನದ ನಿದ್ದೆ ಅಲ್ಲಿ. ಭಾನುವಾರ ಬೆಳಿಗ್ಗೆ ಅಪ್ಪನೂ ಅವರ ಮನೆಯೊಳಗಿನ ಬೆಂಚಿನ ಮೇಲೆ ಕುಳಿತು, ಅಲ್ಯುಮಿನಿಯಂ ಲೋಟದಲ್ಲಿ ಕಾಫಿ ಕುಡಿಯುತ್ತ, ಯಾವ ಬೋಗಿಯ ಯಾವ ಚಕ್ರ ಕಿರುಗುಟ್ಟುತ್ತದೆ ಎಂದು ಚಿನ್ನಪ್ಪನ ಹತ್ತಿರ ಗಂಟೆಗಟ್ಟಲೆ ಮಾತನಾಡುತ್ತಿದ್ದರು. ಅಮ್ಮ ಅದಕ್ಕೆ ಏನೂ ಅನ್ನುತ್ತಿರಲಿಲ್ಲ. ಎರಡು ಕೋಣೆಯ ಮನೆ; ಒಂದರಲ್ಲೇ ಒಲೆ, ದೇವರು, ಅಕ್ಕಿ ಡಬ್ಬ, ನನ್ನ ಹಾಸಿಗೆ. ಮಡಿಬಟ್ಟೆ ಒಣಹಾಕಿದರೆ ಅದು ನನ್ನ ಮೂಗಿಗೆ ತಾಗುತ್ತಿತ್ತು. ಅಲ್ಲಿ ಮಡಿ ಮಾಡುವುದೆಂದರೆ ನಗೆಪಾಟಲು. ಅಮ್ಮ ದೇವರ ಮುಂದೆ ಎರಡು ಹೂವಿಟ್ಟು, ನಿನಗೆ ಕಾಣುತ್ತಲ್ಲ ನನ್ನ ಸ್ಥಿತಿ ಎಂದು ಹೇಳಿ ಮುಗಿಸುತ್ತಿದ್ದಳು.

ಅಪ್ಪನಿಗೆ ರೈಲು ಆಫೀಸಿನಲ್ಲಿ ಮುಗಿಯುತ್ತಿರಲಿಲ್ಲ. ದಿನದ ಎಲ್ಲ ಗಾಡಿಗಳ ಓಟವನ್ನು ಒಂದೊಂದು ಓರೆಗೆರೆಯಾಗಿ ಬರೆದ ದೊಡ್ಡ ಕಾಗದದ ಹಾಳೆಗಳು ಅವರ ಆಫೀಸಿನಲ್ಲಿದ್ದವು. ಹಳೆಯದಾದ ಹಾಳೆಗಳನ್ನು ಮನೆಗೆ ತರುತ್ತಿದ್ದರು. ನನ್ನ ಶಾಲೆಯ ಪುಸ್ತಕಗಳಿಗೆ ಅವೇ ಹೊದಿಕೆ, ಉಪ್ಪಿನಕಾಯಿ ಜಾಡಿಯ ಕೆಳಗೂ ಅವೇ. ಎರಡು ಗೆರೆಗಳು ಎಲ್ಲಿ ಒಂದನ್ನೊಂದು ದಾಟುತ್ತವೋ ಅಲ್ಲಿ ಎರಡು ಗಾಡಿಗಳು ಭೇಟಿಯಾಗುತ್ತವೆ ಎಂದು ಬೆರಳಿಟ್ಟು ತೋರಿಸುತ್ತಿದ್ದರು. ಒಂದೇ ಹಳಿ, ಆದ್ದರಿಂದ ಒಬ್ಬ ಬದಿಗೆ ಸರಿದು ನಿಲ್ಲಲೇಬೇಕು. ಯಾರು ನಿಲ್ಲಬೇಕು ಎಂದು ಹೇಳುವುದೇ ನನ್ನ ಕೆಲಸ ಎನ್ನುತ್ತಿದ್ದರು. ಊಟಕ್ಕೂ ಹಾಗೇ. ಬೆಳಗಿನ ಮೇಲ್ ಗಾಡಿ ಸಿಳ್ಳೆ ಹಾಕಿದರೆ ಅಪ್ಪ ಎಲೆಯ ಮುಂದೆ.

“ಜಾನಕಿ, ಗಾಡಿ ಔಟರ್ ಸಿಗ್ನಲ್‌ಗೆ ಬಂದಿದೆ.”

“ಬಂದರೆ ಅಲ್ಲೇ ನಿಲ್ಲಲಿ. ಇಲ್ಲಿ ಅನ್ನವೇ ಬೆಂದಿಲ್ಲ, ಸಿಗ್ನಲ್ ಹೇಗೆ ಬೀಳತ್ತೆ?” ಎನ್ನುತ್ತಿದ್ದಳು ಅಮ್ಮ.

ನಾನು ಮೂರನೆಯ ತರಗತಿಯಲ್ಲಿದ್ದಾಗ ಅಪ್ಪನ ಮೇಲಿನ ದೊರೆ ಊರಿಗೆ ಹೊರಟುಹೋದ. ಅಷ್ಟು ಹೊತ್ತಿಗೆ ಅಪ್ಪ ಮೆಟ್ಟಿಲು ಮೆಟ್ಟಿಲಾಗಿ ಏರಿ ಅವನ ಕೈಕೆಳಗಿನ ಅಧಿಕಾರಿಯಾಗಿದ್ದರು. ದೇಶಕ್ಕೆ ಸ್ವಾತಂತ್ರ್ಯ ಬರುವುದರಲ್ಲಿತ್ತು. ಹೋದವನ ಜಾಗಕ್ಕೆ ಇನ್ನೊಬ್ಬ ಬಿಳಿಯನನ್ನು ತರುವ ಹಾಗಿರಲಿಲ್ಲ. ಅಪ್ಪನಿಗೆ ಆ ಕುರ್ಚಿ ಸಿಕ್ಕಿತು, ಆದರೆ ತಾತ್ಕಾಲಿಕವಾಗಿ. ಹೆಸರಿನ ಮುಂದೆ ‘ಆಕ್ಟಿಂಗ್’ ಎಂಬ ಪದವಿತ್ತು. ಅದನ್ನು ತೆಗೆಯುವುದೋ, ಅವರನ್ನೇ ತೆಗೆಯುವುದೋ ಎಂಬುದು ಇನ್ನೂ ಉಳಿದಿದ್ದ ಬಿಳಿಯರ ಕೈಯಲ್ಲಿತ್ತು. ಕುರ್ಚಿಯ ಜೊತೆಗೆ ಗುಡ್ಡದ ಮೇಲಿನ ಬಂಗಲೆಯೂ ಬಂತು. ಕ್ವಾರ್ಟರ್ಸ್‌ನ ಓಣಿಯಿಂದ ಕತ್ತೆತ್ತಿ ನೋಡಿದರೆ ಅದರ ಕೆಂಪು ಹೆಂಚು ಕಾಣುತ್ತಿತ್ತು; ಹತ್ತಿ ಹೋಗಲು ಅರ್ಧ ಗಂಟೆಯೂ ಬೇಡ. ಸುತ್ತ ಜಗಲಿ, ಎತ್ತರದ ಛಾವಣಿ, ಹಾಲಿನ ಗೋಡೆಯಲ್ಲಿ ಕಂಟ್ರೋಲ್ ಆಫೀಸಿಗೆ ನೇರವಾಗಿ ಸೇರಿದ, ಹಿಡಿ ತಿರುಗಿಸುವ ಟೆಲಿಫೋನು. ಅಡುಗೆಮನೆ ಮಾತ್ರ ಮನೆಯಿಂದ ದೂರ, ಒಂದು ಉದ್ದನೆಯ ಹೆಂಚಿನ ಹಾದಿಯ ಕೊನೆಗೆ. ಹೊಗೆಯೂ ಕೆಲಸದವರೂ ದೊರೆಗಳ ಕಣ್ಣಿಗೆ ಬೀಳಬಾರದು ಎಂದು ಹಾಗೆ ಕಟ್ಟಿದ್ದರು. ಹಳೆಯ ದೊರೆಯ ಹೈನಾನ್ ಚೀನಿ ಅಡುಗೆಯವನೂ ಮನೆಯ ಜೊತೆಗೇ ಬಂದಿದ್ದ. ಒಂದು ವಾರ ಬೇಳೆ, ಸೊಪ್ಪು, ಮಜ್ಜಿಗೆ ನೋಡಿದ. ಆಮೇಲೆ ಅಮ್ಮನ ಮುಂದೆ ಕೈ ಚೆಲ್ಲಿ ನಿಂತ.

“ಮಾಂಸ ಇಲ್ಲ, ಮೀನು ಇಲ್ಲ, ಮೊಟ್ಟೆ ಇಲ್ಲ. ಮೆಮ್, ಅಪಾ ಮಸಾಕ್ ಲಾ?” ಏನು ಅಡುಗೆ ಮಾಡಲಿ ಅಂತ. ಅದೇ ಸಂಜೆ ಗಂಟು ಕಟ್ಟಿಕೊಂಡು ಹೊರಟ.

ಅವನು ಹೋದ ಮೇಲೆ ಅಮ್ಮನಿಗೆ ಜೀವಮಾನದಲ್ಲಿ ಮೊದಲ ಸಲ ತನ್ನದೇ ಆದ ದೊಡ್ಡ ಅಡುಗೆಮನೆ ಸಿಕ್ಕಿತು. ಒಂದು ಮೂಲೆ ದೇವರಿಗೆ, ಒಂದು ಮೂಲೆ ಮಡಿನೀರಿಗೆ, ಮಡಿಬಟ್ಟೆಗೆ ಎತ್ತರದಲ್ಲಿ ಒಂದು ಗಳ. ನಾನು ಶಾಲೆಯ ಬಟ್ಟೆಯಲ್ಲಿ ಹೊಸ್ತಿಲು ದಾಟುವ ಹಾಗಿರಲಿಲ್ಲ. ಕೆಳಗಿನ ಮನೆಯಲ್ಲಿ ಇಲ್ಲದಿದ್ದ ನಿಯಮಗಳು ಒಂದೊಂದಾಗಿ ಬಂದವು. ಊರಿನಿಂದ ಯಾರೂ ಬಂದು ಹೇಳಿಕೊಡಲಿಲ್ಲ. ಜಾಗ ಇತ್ತು, ಬಂದವು. ಕ್ವಾರ್ಟರ್ಸ್‌ಗೆ ಎಂದೂ ಬಾರದಿದ್ದ ಕೌಲಾಲಂಪುರದ ಕನ್ನಡದ ನಾಲ್ಕು ದೊಡ್ಡ ಮನೆಗಳವರು ಈಗ ಗುಡ್ಡದ ಬಂಗಲೆಗೆ ಕಾರಿನಲ್ಲಿ ಬರತೊಡಗಿದ್ದರು. ಅವರಿಗೆ ನಮ್ಮ ಅಡುಗೆಮನೆ ಸರಿಯಾಗಿರಬೇಕಿತ್ತು. ಮುನಿಯಕ್ಕ ವಾರಕ್ಕೆರಡು ಸಲ ತನ್ನ ಹಿತ್ತಲಿನ ನುಗ್ಗೆಸೊಪ್ಪು, ಬಸಳೆ ಕಟ್ಟಿಕೊಂಡು ಗುಡ್ಡ ಹತ್ತಿ ಬಂದು ಹಿಂದಿನ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಅಮ್ಮ ಒಳಗಿನಿಂದ ಮಾತನಾಡುತ್ತ ಕಾಫಿ ಕೊಡುತ್ತಿದ್ದಳು. ಅದಕ್ಕೆಂದೇ ಒಂದು ಗಾಜಿನ ಲೋಟ ಹೊರಗಿನ ತೊಲೆಯ ಮೇಲೆ ಇತ್ತು. ಮೊದಲ ದಿನ ಅದನ್ನು ನೋಡಿ ಮುನಿಯಕ್ಕ ನಕ್ಕಳು.

“ಪರವಾಗಿಲ್ಲ ಜಾನಕಮ್ಮಾ. ನಿಮಗೆ ಬಂಗಲೆ ಸಿಕ್ತು, ನನ್ ಲೋಟಕ್ಕೂ ಒಂದ್ ಮನೆ ಸಿಕ್ತು.”

ಅಮ್ಮನೂ ನಕ್ಕಳು. ಅವರಿಬ್ಬರೂ ಮೊದಲಿನ ಹಾಗೇ ಹರಟುತ್ತಿದ್ದರು. ಮಧ್ಯೆ ಒಂದು ಹೊಸ್ತಿಲು ಬಂದಿತ್ತು, ಅಷ್ಟೇ.

ಆ ಫ್ಲೂ ಹಾಂಗ್‌ಕಾಂಗಿನ ಕಡೆಯಿಂದ ಹಡಗಿನಲ್ಲಿ ಬಂತೆಂದು ಹೇಳುತ್ತಿದ್ದರು. ಸಿಂಗಪುರದಿಂದ ಮೇಲಕ್ಕೆ ಅದು ನಮ್ಮ ರೈಲಿನಲ್ಲೇ ಬಂದಿರಬೇಕು. ಶಾಲೆ ಮುಚ್ಚಿತು. ಲೈನ್ ಮನೆಗಳಲ್ಲಿ ಒಂದೊಂದು ಬಾಗಿಲ ಹಿಂದೆಯೂ ಕೆಮ್ಮು. ಡ್ರೈವರುಗಳು, ಸಿಗ್ನಲ್ ಎಳೆಯುವವರು, ಸ್ಟೇಷನ್ ಮಾಸ್ತರರು ಸಾಲಾಗಿ ಮಲಗಿದರು. ಅಪ್ಪ ಲೋಕಲ್ ಗಾಡಿಗಳನ್ನು ನಿಲ್ಲಿಸಿ, ಇದ್ದವರನ್ನು ಅಲ್ಲಿಂದಿಲ್ಲಿಗೆ ಹಾಕಿ, ಉತ್ತರಕ್ಕೊಂದು ದಕ್ಷಿಣಕ್ಕೊಂದು ಮೇಲ್ ಗಾಡಿ ಮಾತ್ರ ತಪ್ಪದಂತೆ ನೋಡಿಕೊಳ್ಳುತ್ತಿದ್ದರು. ಚಿನ್ನಪ್ಪನ ಗ್ಯಾಂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಬೆನ್ನಿಗೆ ಪಂಪು ಹೊತ್ತು, ಬಂದ ಬೋಗಿಗಳಿಗೆಲ್ಲ ಫಿನಾಯಿಲ್ ಹೊಡೆಯುತ್ತಿತ್ತು. ಅಪ್ಪನ ತಟ್ಟೆಯಲ್ಲಿ ಅನ್ನ ಆರುತ್ತಿತ್ತು.

“ಒಂದು ಮೇಲ್ ನಿಂತರೆ ಸಾಕು ಜಾನಕಿ. ‘ನೋಡಿದಿರಾ, ಇವರ ಕೈಲಿ ಆಗಲ್ಲ’ ಅಂತಾರೆ. ಜ್ವರದ ಮಾತು ಯಾರೂ ಎತ್ತಲ್ಲ.”

ಮೊದಲು ಅಮ್ಮ ಬಿದ್ದಳು. ಮಾರನೆಯ ದಿನ ಅಪ್ಪ. ಕೆಲಸಕ್ಕೆ ಬರುತ್ತಿದ್ದ ತೋಟದವನೂ ಬರಲಿಲ್ಲ. ಕಾರಿನಲ್ಲಿ ಬರುತ್ತಿದ್ದ ಮನೆಗಳವರಿಗೆ ಹೇಳಿ ಕಳುಹಿಸಿದೆವು. ಅವರಲ್ಲಿ ಕಮಲಮ್ಮ ಎಂಬವರು ಡ್ರೈವರನ ಕೈಯಲ್ಲಿ ಒಂದು ಚೀಲ ಕಿತ್ತಳೆ ಕಳುಹಿಸಿದರು, ಅವನು ಅದನ್ನು ಗೇಟಿನ ಕಂಬಕ್ಕೆ ತಗುಲಿಸಿ ಹೋದ. ನಾನು ಸೊಂಟದೆತ್ತರದ ಒಲೆಯ ಮುಂದೆ ನಿಂತು ಬೆಂಕಿ ಹಚ್ಚಲು ನೋಡಿ, ಕೈ ಸುಟ್ಟುಕೊಂಡು ಅಳುತ್ತ ಮೆಟ್ಟಿಲ ಮೇಲೆ ಕುಳಿತಿದ್ದಾಗ ಮುನಿಯಕ್ಕ ಗುಡ್ಡ ಹತ್ತಿ ಬಂದಳು. ಅವಳೂ ಚಿನ್ನಪ್ಪನೂ ಆಗತಾನೇ ಜ್ವರದಿಂದ ಎದ್ದಿದ್ದರು. ಕಂಕುಳಲ್ಲಿ ಒಂದು ಮಣ್ಣಿನ ಮಡಕೆ, ಅದರೊಳಗೆ ಅಕ್ಕಿನುಚ್ಚಿನ ಗಂಟು. ಅಮ್ಮನ ಪಾತ್ರೆಗಳಲ್ಲಿ ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಎಂದು ತನಗೆ ತಿಳಿಯದಲ್ಲ ಎಂದು ತನ್ನದೇ ಮಡಕೆ ತಂದಿದ್ದಳು. ಅಮ್ಮ ಮಲಗಿದ್ದ ಕೋಣೆಯ ಕಿಟಕಿಯ ಹೊರಗೆ ನಿಂತು ಕೂಗಿದಳು.

“ಜಾನಕಮ್ಮಾ, ಅಡುಗೆಮನೆ ಒಳಗ್ ಬರ್ಲಾ?”

ಅಮ್ಮ ಕಣ್ಣು ಬಿಡದೆ, “ಬಾ” ಎಂದಳು. ನಾನು ಅದನ್ನು ನನ್ನ ಕಿವಿಯಿಂದ ಕೇಳಿದೆ.

ಜ್ವರ ಇಳಿಯುವ ತನಕ ಆ ಮನೆ ಮುನಿಯಕ್ಕನದಾಯಿತು. ಗಂಜಿ ಕಾಯಿಸಿದಳು, ಮೆಣಸಿನ ಸಾರು ಮಾಡಿದಳು, ಅಮ್ಮನ ಬಟ್ಟೆ ಬದಲಿಸಿದಳು, ನನ್ನ ಸುಟ್ಟ ಬೆರಳಿಗೆ ಎಣ್ಣೆ ಹಚ್ಚಿದಳು. ಟೆಲಿಫೋನಿನ ತಂತಿ ಅಪ್ಪನ ಕೋಣೆಗೆ ಎಟುಕುತ್ತಿರಲಿಲ್ಲ. ಅಪ್ಪ ಗೋಡೆ ಹಿಡಿದುಕೊಂಡು ಎದ್ದು ಹೋಗಿ ಎರಡು ಸಲ ಬಿದ್ದ ಮೇಲೆ ಅವಳೂ ನಾನೂ ಸೇರಿ ಮಂಚವನ್ನೇ ಹಾಲಿಗೆ ಎಳೆದೆವು. ಕೈ ನಡುಗಿ ಅಪ್ಪನಿಗೆ ರಿಸೀವರ್ ಹಿಡಿಯಲು ಆಗುತ್ತಿರಲಿಲ್ಲ. ಮುನಿಯಕ್ಕ ಮಂಚದ ಪಕ್ಕ ನೆಲದಲ್ಲಿ ಕುಳಿತು, ಅದನ್ನು ಅವರ ಕಿವಿಗೂ ಬಾಯಿಗೂ ಹೊಂದಿಸಿ ಹಿಡಿದುಕೊಂಡಿರುತ್ತಿದ್ದಳು. ತೋಳು ಸೋತರೆ ಇನ್ನೊಂದು ಕೈಗೆ ಬದಲಿಸುತ್ತಿದ್ದಳು.

“ಸಾಮಿ, ಮೊದ್ಲು ಗಂಜಿ. ಆಮೇಲೆ ರೈಲು.”

“ಗೇಮಾಸ್ ಜಂಕ್ಷನ್‌ನಲ್ಲಿ ಗಾಡಿ ನಿಂತಿದೆ ಮುನಿಯಮ್ಮ. ಡ್ರೈವರ್ ಇಲ್ಲ.”

“ನಿಂತ್ರೆ ನಿಲ್ಲಲಿ ಬಿಡಿ. ನೀವ್ ಬಿದ್ದೋದ್ರೆ ಯಾರ್ ಓಡಿಸ್ತಾರೆ?”

“ಬಿಳಿಯರೂ ಅದನ್ನೇ ಕೇಳ್ತಿರೋದು,” ಎಂದರು ಅಪ್ಪ. ಜ್ವರದಲ್ಲೂ ನಕ್ಕರು. ಅವಳು ಆ ನಗುವಿನ ಮಧ್ಯೆ ಒಂದು ಚಮಚ ಗಂಜಿ ಬಾಯಿಗೆ ಹಾಕಿದಳು. ಗಾಡಿಗೆ ಡ್ರೈವರ್ ಸಿಕ್ಕಿದ. ಮೇಲ್ ತಡವಾಯಿತು, ನಿಲ್ಲಲಿಲ್ಲ.

ಅಪ್ಪ ಎದ್ದು ಓಡಾಡುವಷ್ಟಾದಾಗ ರೈಲ್ವೆಯ ಎಲ್ಲರಿಗಿಂತ ಮೇಲಿನ ದೊರೆ ತಾನೇ ಬಂಗಲೆಗೆ ಬಂದ. ಜಗಲಿಯಲ್ಲಿ ಅಪ್ಪನ ಕೈ ಕುಲುಕಿ, ಹಾಸಿಗೆಯಿಂದಲೇ ಗಾಡಿ ಓಡಿಸಿದಿರಂತೆ, ನಮ್ಮವರಲ್ಲೂ ಹೀಗೆ ಮಾಡುವವರು ಕಡಿಮೆ ಎಂದ. ಇನ್ನು ‘ಆಕ್ಟಿಂಗ್’ ಇರುವುದಿಲ್ಲ ಎಂದೂ ಹೇಳಿದ. ಅವನು ಕುಡಿದ ಚಹಾ ಮುನಿಯಕ್ಕ ಮಾಡಿದ್ದು. ಅಪ್ಪ ಅಡುಗೆಮನೆಯ ಹಾದಿಯ ಕಡೆ ಒಮ್ಮೆ ತಿರುಗಿ ನೋಡಿದರು. ಏನೋ ಹೇಳುತ್ತಾರೆ ಎಂದುಕೊಂಡೆ. “ಥ್ಯಾಂಕ್ಯೂ ಸರ್” ಎಂದರು.

ಕೆಲಸ ಕಾಯಂ ಆದರೆ ಸತ್ಯನಾರಾಯಣ ಪೂಜೆ ಮಾಡಿಸುತ್ತೇನೆಂದು ಅಮ್ಮ ಹರಕೆ ಹೊತ್ತಿದ್ದಳು. ದಿನ ಗೊತ್ತಾಯಿತು. ಕಾರಿನ ಮನೆಗಳವರಿಗೆಲ್ಲ ಹೇಳಿಯಾಯಿತು. ಮುನಿಯಕ್ಕ ತನ್ನ ಮನೆಗೆ ಮರಳಿದ್ದಳು. ಮಡಕೆ ಇರಲಿ, ಪೂಜೆ ದಿನ ಬಂದು ಒಯ್ಯುತ್ತೇನೆ ಎಂದು ಬಿಟ್ಟು ಹೋಗಿದ್ದಳು. ಆಗ ಕಮಲಮ್ಮ ಬಂದರು. ರೇಷ್ಮೆ ಸೀರೆಯ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, ಅಡುಗೆಮನೆಯ ಹೊಸ್ತಿಲವರೆಗೆ ಹೋಗಿ ಮಡಕೆ ನೋಡಿ ಅಲ್ಲೇ ನಿಂತರು.

“ಜಾನಕಿ, ಕೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡ. ಆ ಲೈನಿನ ಹೆಂಗಸು ಒಳಗೇ ಬಂದು ಬೇಯಿಸ್ತಿದ್ದಳಂತೆ?”

“ಏನು ಮಾಡೋದು ಕಮಲಮ್ಮ, ಪ್ರಜ್ಞೆ ಇರಲಿಲ್ಲ ನನಗೆ.”

“ಅಯ್ಯೋ, ಆಪತ್ಕಾಲ, ಯಾರು ಬೇಡ ಅಂದ್ರು? ಅವಳ ಋಣ ದೊಡ್ಡದು. ಆದರೆ ಇದೇ ಒಲೆ ಮೇಲೆ ನೈವೇದ್ಯ ಆಗಬೇಕಲ್ಲ. ನಮ್ಮ ಅತ್ತೆಯವರು ಬರ್ತಾರೆ. ಅವರು ಕೇಳಿದರೆ ನಾನು ಏನು ಹೇಳಲಿ?”

ಆ ಸಂಜೆ ಅಪ್ಪ ಮತ್ತು ಅಮ್ಮ ಊಟದ ಮೇಜಿನ ಮುಂದೆ ಬಹಳ ಹೊತ್ತು ಕುಳಿತಿದ್ದರು. ಅಪ್ಪ ಜಾತಿಯ ಮಾತು ಬಂದರೆ ಸಿಡುಕುವವರು. ಅಮ್ಮ ಪಂಚಗವ್ಯ, ಪುಣ್ಯಾಹ ಎಂದಾಗ ಹಾಗೇ ಸಿಡುಕಿದರು. ಆಮೇಲೆ ಯೋಚಿಸಿ, ಗಾಡಿಗಳ ಗೋಜಲು ಬಿಡಿಸಿದಾಗ ಬರುವ ಸಮಾಧಾನದ ದನಿಯಲ್ಲಿ ಹೇಳಿದರು:

“ಫ್ಲೂ ಬಂದ ಮನೆ. ಬೋಗಿ ತೊಳೆಸ್ತೀನಿ, ಸ್ಟೇಷನ್ ತೊಳೆಸ್ತೀನಿ, ನನ್ನ ಅಡುಗೆಮನೆ ತೊಳೆಸಬಾರದಾ? ನಾಳೆ ಗ್ಯಾಂಗ್ ಕರೆಸಿ ಫಿನಾಯಿಲ್ ಹಾಕಿಸಿಬಿಡ್ತೀನಿ. ಕಮಲಮ್ಮನಿಗೆ ಶುದ್ಧ ಆಯ್ತು ಅನ್ನು. ಮಿಕ್ಕವರಿಗೆ ಆರೋಗ್ಯದ ವಿಷಯ. ಯಾರಿಗೂ ನೋವಿಲ್ಲ.”

“ಮುನಿಯಮ್ಮನಿಗೆ ಗೊತ್ತಾದರೆ?” ಎಂದಳು ಅಮ್ಮ.

“ಗೊತ್ತಾಗೋಕೆ ಏನಿದೆ? ಫಿನಾಯಿಲ್ ತಾನೇ?”

ಮರುದಿನ ಪಂಪು ಹೊತ್ತು ಬಂದದ್ದು ಚಿನ್ನಪ್ಪನ ಗ್ಯಾಂಗು. ಯಾವ ಗ್ಯಾಂಗು ಯಾವ ದಿನ ಎಲ್ಲಿರುತ್ತದೆ ಎಂಬುದು ಅಪ್ಪನಿಗೆ ಬಾಯಿಪಾಠವಿತ್ತು. ಗೊತ್ತಿದ್ದೂ ಕರೆಸಿದರೋ, ಟೆಲಿಫೋನಿನಲ್ಲಿ ಒಂದು ಗ್ಯಾಂಗು ಕಳುಹಿಸಿ ಎಂದಷ್ಟೇ ಹೇಳಿ ಸುಮ್ಮನಾದರೋ, ನಾನು ಕೇಳಲಿಲ್ಲ. ಅವರು ಇದ್ದಷ್ಟು ದಿನವೂ ಕೇಳಲಿಲ್ಲ. ಯಾವ ಉತ್ತರ ಬಂದರೂ ಅದನ್ನು ಕೇಳಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ. ಚಿನ್ನಪ್ಪ ಬಾಯಿಗೆ ಕಟ್ಟಿದ್ದ ಬಟ್ಟೆ ಕೆಳಗಿಳಿಸಿ, ಅಪ್ಪನನ್ನು ಕಂಡು ಬಾಯಿ ತುಂಬ ನಕ್ಕ.

“ಈಗ ಚೆನ್ನಾಗಿದೀರಾ ಸಾಮಿ? ಇಳಿದೋಗಿದೀರಿ. ಎಲ್ಲಿಂದ ಶುರು ಮಾಡೋಣ? ನೀವ್ ಮಲಗಿದ್ದ ಹಾಲು? ಅಮ್ಮಾವ್ರ ರೂಮು?”

“ಅಲ್ಲೆಲ್ಲ ಬೇಡ ಚಿನ್ನಪ್ಪ. ಅಡುಗೆಮನೆ ಸಾಕು. ಆ ಹಾದಿ, ಹಿಂದಿನ ಮೆಟ್ಟಿಲು.”

“ಜ್ವರ ಬಂದೋರು ಮಲಗಿದ್ದ ಜಾಗ ಬೇಡ್ವಾ ಸಾಮಿ?”

“ಬೇಡ. ಅಡುಗೆಮನೆ.”

ಚಿನ್ನಪ್ಪ ಅಡುಗೆಮನೆಯ ಕಡೆ ನೋಡಿದ. ಮೆಟ್ಟಿಲ ಕಡೆ ನೋಡಿದ. ಅಪ್ಪನ ಮುಖ ನೋಡಲಿಲ್ಲ. ಬಟ್ಟೆಯನ್ನು ಮತ್ತೆ ಮೂಗಿನ ಮೇಲಕ್ಕೆ ಎಳೆದುಕೊಂಡು, ತನ್ನವರಿಗೆ ತಮಿಳಿನಲ್ಲಿ ಏನೋ ಹೇಳಿ ಒಳಗೆ ಹೋದ. ಅವನ ಹೆಂಡತಿ ಕುಳಿತ ನೆಲ, ಅವಳು ಊದಿದ ಒಲೆ, ಅವಳು ಕೈ ಊರಿದ ಕಟ್ಟೆ, ಎಲ್ಲವನ್ನೂ ಬೋಗಿ ತೊಳೆದಷ್ಟೇ ಚೊಕ್ಕಟವಾಗಿ ತೊಳೆದ. ಒಂದು ಮೂಲೆಯನ್ನೂ ಬಿಡಲಿಲ್ಲ. ಅಮ್ಮ ಕಿಟಕಿಯ ಹಿಂದೆ ನಿಂತಿದ್ದಳು. ಅವನನ್ನು ಹೆಸರು ಹಿಡಿದು ಕರೆಯಲು ಆಗಲಿಲ್ಲವೇನೋ, ಯಾರಿಗೋ ಹೇಳುವಂತೆ ಹೇಳಿದಳು:

“ಆ ಮಣ್ಣಿನ ಮಡಕೆ ಒಂದಿದೆ ನೋಡಿ. ಅದನ್ನೂ ಹೊರಗೆ ಹಾಕಿಬಿಡಿ.”

ಅಮ್ಮನ ಲೆಕ್ಕದಲ್ಲಿ ಹಿತ್ತಾಳೆಯನ್ನು ಹುಣಸೆ ಹಚ್ಚಿ ಬೆಳಗಬಹುದಿತ್ತು, ಮಣ್ಣಿಗೆ ಶುದ್ಧಿ ಇರಲಿಲ್ಲ. ಚಿನ್ನಪ್ಪ ಮಡಕೆಯನ್ನು ಎತ್ತಿಕೊಂಡ. ಅದರ ಕಂಠದ ಹತ್ತಿರ ಒಂದು ಮುಕ್ಕು ಇತ್ತು; ಅಲ್ಲಿ ಹೆಬ್ಬೆರಳಿಟ್ಟು ಒಂದು ಗಳಿಗೆ ನಿಂತ. ಗ್ಯಾಂಗಿನ ಒಬ್ಬ, ಇದು ನಿಮ್ಮನೆದಲ್ವಾ ಅಣ್ಣೇ ಎಂದು ಕೇಳಿದ.

“ಕೆಲ್ಸ ನೋಡ್ಕೋ,” ಎಂದ ಚಿನ್ನಪ್ಪ. ತಾನೇ ಅದನ್ನು ಹಿತ್ತಲಿನ ಕಸದ ಗುಂಡಿಯವರೆಗೆ ಒಯ್ದು, ಒಡೆಯದಂತೆ ಬಗ್ಗಿ ಒಳಗಿಟ್ಟು ಬಂದ. ಹೊರಡುವಾಗ ಅಪ್ಪ ಜಗಲಿಗೆ ಬಂದು, ಚಹಾ ಕುಡಿದು ಹೋಗು ಚಿನ್ನಪ್ಪ ಎಂದರು. ಚಹಾ ಮಾಡಲು ಒಲೆಯೇ ಒದ್ದೆಯಾಗಿತ್ತು.

“ಬೇಡ ದೊರೆ. ಇನ್ನೂ ಬೋಗಿಗಳವೆ,” ಎಂದ. ಸಾಮಿ ಎನ್ನಲಿಲ್ಲ.

ಪೂಜೆ ಚೆನ್ನಾಗಿ ನಡೆಯಿತು ಎಂದೇ ಎಲ್ಲರೂ ಹೇಳಿದರು. ಫಿನಾಯಿಲ್ ವಾಸನೆಯ ಮೇಲೆ ತುಪ್ಪದಲ್ಲಿ ರವೆ ಹುರಿದ ವಾಸನೆ ಬಂತು. ಕಮಲಮ್ಮನ ಅತ್ತೆ ಎರಡು ಸಲ ಸಪಾದ ಭಕ್ಷ್ಯ ಹಾಕಿಸಿಕೊಂಡರು. ಗಂಡಸರು ಜಗಲಿಯಲ್ಲಿ ಕುಳಿತು, ಮಂಚದ ಮೇಲಿಂದ ರೈಲು ಓಡಿಸಿದ ಕಥೆಯನ್ನು ಅಪ್ಪನ ಬಾಯಿಂದ ಹೇಳಿಸಿದರು. ಆ ಕಥೆ ಮೊದಲ ಸಲ ಹುಟ್ಟಿದ್ದು ಅಂದೇ. ಅದರಲ್ಲಿ ಟೆಲಿಫೋನು ತಾನಾಗಿಯೇ ಅಪ್ಪನ ಕಿವಿಗೆ ಬಂದಿತ್ತು. ಅಮ್ಮ ಬಡಿಸುತ್ತ ಬಡಿಸುತ್ತ ಹಿಂದಿನ ಮೆಟ್ಟಿಲ ಕಡೆ ನೋಡುತ್ತಿದ್ದಳು. ಮುನಿಯಕ್ಕ ಬರಲಿಲ್ಲ. ಜನ ಹೋದ ಮೇಲೆ, ಇನ್ನೂ ಬೆಳಕಿರುವಾಗಲೇ, ಅಮ್ಮ ಬಾಳೆಎಲೆಯಲ್ಲಿ ಪ್ರಸಾದ ಕಟ್ಟಿದಳು. ಯಾರ ಕೈಲಿ ಕಳುಹಿಸುವುದು ಎಂದು ಕೇಳಿದಾಗ ಅಪ್ಪ, ನಾನೇ ಹೋಗುತ್ತೇನೆ ಎಂದರು. ನನ್ನನ್ನೂ ಕರೆದುಕೊಂಡರು. ನನಗೆ ಖುಷಿಯಾಯಿತು. ಮುನಿಯಕ್ಕನಿಗೆ ಕೋಪ ಬಂದಿದ್ದರೆ ನನ್ನನ್ನು ನೋಡಿದ ಕೂಡಲೆ ಇಳಿಯುತ್ತದೆ ಎಂದು ನಾನು ಎಣಿಸಿದ್ದೆ. ಅಪ್ಪನೂ ಹಾಗೇ ಎಣಿಸಿ ನನ್ನ ಕೈ ಹಿಡಿದಿದ್ದರೇನೋ.

ಓಣಿಯಲ್ಲಿ ಅಪ್ಪನನ್ನು ಕಂಡು ಕುಳಿತವರೆಲ್ಲ ಎದ್ದು ನಿಂತರು. ಮುನಿಯಕ್ಕ ಬಾಗಿಲಲ್ಲೇ ಇದ್ದಳು. ಪ್ರಸಾದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಒಳಗಿನ ಬೆಂಚು ನಮಗೆ ಕಾಣುತ್ತಿತ್ತು. ಅಪ್ಪ ಒಂದು ಹೆಜ್ಜೆ ಮುಂದೆ ಬಂದು, ಚಿನ್ನಪ್ಪ ಇಲ್ಲವಾ ಎಂದರು.

“ಅವ್ರೆ. ಮಲಗವ್ರೆ.”

ಅವಳು ಬಾಗಿಲು ಬಿಟ್ಟು ಸರಿಯಲಿಲ್ಲ. ನಾನು ಯಾವಾಗಲೂ ನುಗ್ಗುವ ಹಾಗೆ ಅವಳ ಸೀರೆಯ ಪಕ್ಕದಿಂದ ಒಳಗೆ ನುಗ್ಗಲು ಹೋದೆ. ಅವಳ ತೋಳು ಬಾಗಿಲಿಗೆ ಅಡ್ಡ ಬಂತು. ಆ ತೋಳಿನಲ್ಲಿ ಒರಟುತನವಿರಲಿಲ್ಲ. ಇನ್ನೊಂದು ಕೈಯಿಂದ ನನ್ನ ಕೆನ್ನೆ ಸವರಿದಳು.

“ಬೇಡ ಕಣ್ಣು. ಫ್ಲೂ ಬಂದಿದ್ ಮನೆ. ನಮ್ಮನೆ ಇನ್ನೂ ತೊಳ್ದಿಲ್ಲ.”

“ಮುನಿಯಮ್ಮ, ಅದು ಹಾಗಲ್ಲ...” ಎಂದರು ಅಪ್ಪ.

“ಹೊತ್ತಾಯ್ತು ದೊರೆ. ಅಮ್ಮಾವ್ರು ಕಾಯ್ತಿರ್ತಾರೆ.”

ಅವಳು ಮತ್ತೆ ಗುಡ್ಡ ಹತ್ತಲಿಲ್ಲ. ಮುಂದಿನ ವರ್ಷ ಚಿನ್ನಪ್ಪ ಕೆಲಸ ಬಿಟ್ಟ. ಇಬ್ಬರೂ ಹೊಸೂರಿಗೆ ಹೋದರೆಂದು ಯಾರೋ ಹೇಳಿದರು. ಬಂದರಿನವರೆಗೆ ಅವರು ಅಪ್ಪನ ರೈಲಿನಲ್ಲೇ ಹೋಗಿರಬೇಕು. ನಮಗೆ ಹೇಳಿ ಹೋಗಲಿಲ್ಲ.

ಪ್ರಸಾದ ಕೊಟ್ಟು ಆ ಸಂಜೆ ಗುಡ್ಡ ಹತ್ತುವಾಗ ಅಪ್ಪ ಅರ್ಧ ದಾರಿಯಲ್ಲಿ ಮೋರಿಯ ಕಟ್ಟೆಯ ಮೇಲೆ ಕುಳಿತರು. ಜ್ವರದ ನಿಶ್ಶಕ್ತಿ ಇನ್ನೂ ಇತ್ತು. ಕೆಳಗೆ ಯಾವುದೋ ಗಾಡಿ ಹೋಯಿತು, ಅವರು ತಲೆಯೆತ್ತಲಿಲ್ಲ. ಅದು ದಾಟಿದ ಮೇಲೆ ಹೇಳಿದರು:

“ಪುಟ್ಟೀ, ಒಳಗೆ ಕೂತು ಕಾಫಿ ಕುಡಿದು ಬಂದ್ವಿ ಅಂತ ಹೇಳೋಣ. ಇವತ್ತು ಅಮ್ಮ ಅಳೋದು ಬೇಡ.”

ಅಮ್ಮ ಹಾಲಿನ ಬಾಗಿಲಲ್ಲಿ, ಮಡಿಸೀರೆಯಲ್ಲೇ ಕಾಯುತ್ತಿದ್ದಳು.

“ಏನಂದಳು? ಬೈದಳಾ?”

“ಇಲ್ಲಪ್ಪ. ತುಂಬ ಸಂತೋಷಪಟ್ಟಳು. ಒಳಗೆ ಕೂರಿಸಿ ಕಾಫಿ ಕೊಟ್ಟಳು,” ಎಂದರು ಅಪ್ಪ.

ಅಮ್ಮನ ಮುಖ ಬಿಚ್ಚಿಕೊಂಡಿತು. ಸೆರಗಿನಿಂದ ಕಣ್ಣೊರೆಸಿಕೊಂಡು, ಅವಳ ಮನಸ್ಸು ದೊಡ್ಡದು ಎಂದಳು. ನಾಳೆಯೇ ಬರಲಿ, ಒಂದು ಸೀರೆ ಕೊಡೋಣ ಎಂದಳು. ಅಪ್ಪ ಚಪ್ಪಲಿ ಬಿಟ್ಟು ಹೊಸ್ತಿಲ ಮೇಲೆ ಕಾಲಿಟ್ಟರು. ಅಮ್ಮ ಕೈ ಅಡ್ಡ ಮಾಡಿದಳು.

“ತಡೀರಿ. ಕಲಶ ಇನ್ನೂ ಕದಲಿಸಿಲ್ಲ. ಅಲ್ಲಿ ಕಾಫಿ ಕುಡಿದು ಬಂದಿದೀರಿ, ಹಾಗೇ ಒಳಗೆ ಬರಬೇಡಿ. ಆ ಕಡೆಯಿಂದ ಹೋಗಿ ಸ್ನಾನ ಮಾಡಿ ಬನ್ನಿ.”

ಅಪ್ಪ ಬಾಯಿ ತೆರೆದರು. ನಾನು ಅವರ ಪಕ್ಕದಲ್ಲೇ ಇದ್ದೆ, ಹೇಳಿಬಿಡುತ್ತಾರೆ ಎಂದುಕೊಂಡೆ. ಅಮ್ಮ ಇನ್ನೂ ಸಂತೋಷದಿಂದ ಮೂಗೊರೆಸಿಕೊಳ್ಳುತ್ತಿದ್ದಳು. ಅಪ್ಪ ಅವಳನ್ನು ನೋಡಿ, ಜಗಲಿಯ ಹಗ್ಗದ ಮೇಲಿದ್ದ ಪಂಚೆ ಎಳೆದುಕೊಂಡು ಮನೆಯನ್ನು ಸುತ್ತಿ ಬಚ್ಚಲಿಗೆ ಹೋದರು. ಬಾಗಿಲು ಹಾಕಿದ ಸದ್ದಾಯಿತು. ಆಮೇಲೆ ತಂಬಿಗೆ ತಂಬಿಗೆಯಾಗಿ ನೀರು ಸುರಿಯುವ ಸದ್ದು. ಜ್ವರ ಬಿಟ್ಟ ಮೈಗೆ ತಣ್ಣೀರು. ಆದರೂ ಅದು ನಿಲ್ಲಲೇ ಇಲ್ಲ. ನಾನು ಬಚ್ಚಲಿನ ಹೊರಗೆ ನಿಂತು ಕೇಳುತ್ತಿದ್ದೆ. ಹಿಂದಿನಿಂದ ಅಮ್ಮ, “ಪುಟ್ಟೀ, ನೀನೂ ಕುಡಿದಿರ್ತೀಯ. ಅಪ್ಪ ಬಂದ ಮೇಲೆ ನೀನೂ ಹೋಗು,” ಎಂದಳು.

ನಾನು ಅಲ್ಲೇ ನಿಂತು ಲಂಗದ ಲಾಡಿ ಬಿಚ್ಚತೊಡಗಿದೆ.